ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು: ಓಡೋಮೀಟರ್ ಹೇಳದ ಸಂಗತಿಗಳು

ಟಾಟಾ ನೆಕ್ಸಾನ್ ಇವಿ ಮತ್ತು ಎಂಜಿ ಝಡ್‌ಎಸ್ ಇವಿ ಎರಡೂ ನಮ್ಮ ಮಾರುಕಟ್ಟೆಗೆ ಬಂದದ್ದು 2020ರ ಜನವರಿಯಲ್ಲಿ. ಅದಕ್ಕೂ ಆರು ತಿಂಗಳು ಮೊದಲು ಹುಂಡೈ ಕೋನಾ ಬಂದಿತ್ತು. ಎಲೆಕ್ಟ್ರಿಕ್ ಕಾರೆಂದರೆ ಪೇಟೆಯೊಳಗೆ ಓಡಾಡುವ ಪುಟ್ಟ ವಾಹನವಷ್ಟೇ ಅಲ್ಲ, ಮನೆಮಂದಿಯೆಲ್ಲ ಕೂತು ಊರಿಗೂ ಹೋಗಿಬರಬಹುದಾದ ಕಾರು ಎಂಬ ನಂಬಿಕೆ ಭಾರತದಲ್ಲಿ ಬೇರೂರಿದ್ದು ಈ ಮೂರು ಕಾರುಗಳ ಕಾಲದಲ್ಲೇ. ಆ ಮೊದಲ ಸಾಲಿನ ಕಾರುಗಳು, ಅವುಗಳ ಹಿಂದೆಯೇ ಬಂದ ಟಿಗೋರ್ ಇವಿ, ಟಿಯಾಗೋ ಇವಿ, ಎಕ್ಸ್‌ಯುವಿ 400ಗಳು ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತಿವೆ. ಹೊಸ ಮಾದರಿಗಳಲ್ಲಿ ಬ್ಯಾಟರಿ ದೊಡ್ಡದಾಗುತ್ತ ಹೋದಂತೆ ಹಳೆಯವುಗಳ ಬೆಲೆ ಇಳಿಯುತ್ತಿದೆ. ಅದನ್ನು ನೋಡಿ ಕೊಳ್ಳುವವರಿಗೆ ಆಸೆಯೂ ಹುಟ್ಟುತ್ತದೆ, ಅನುಮಾನವೂ ಹುಟ್ಟುತ್ತದೆ.

ಅನುಮಾನವೆಲ್ಲ ಸಾಮಾನ್ಯವಾಗಿ ಎರಡು ಪ್ರಶ್ನೆಗಳಲ್ಲಿ ಮುಗಿಯುತ್ತದೆ: ಎಷ್ಟು ಕಿಲೋಮೀಟರ್ ಓಡಿದೆ, ಬ್ಯಾಟರಿ ಇನ್ನೆಷ್ಟು ವರ್ಷ ಬಾಳುತ್ತದೆ? ಮೊದಲನೆಯದು ಪೆಟ್ರೋಲ್ ಕಾರಿನ ಕಾಲದಿಂದ ಬಂದ ರೂಢಿ. ಎರಡನೆಯದು ನ್ಯಾಯವಾದ ಪ್ರಶ್ನೆಯೇ, ಆದರೆ ಅದರಲ್ಲಿ ಎರಡು ಬೇರೆಬೇರೆ ಸಂಗತಿಗಳು ಕಲಸಿಹೋಗಿವೆ. ಬ್ಯಾಟರಿ ನಿಧಾನವಾಗಿ ಸವೆಯುವುದು ಒಂದು, ಬ್ಯಾಟರಿಯಲ್ಲೋ ಅದರ ಸುತ್ತಲಿನ ಯಾವುದೋ ಭಾಗದಲ್ಲೋ ದೋಷ ಬಂದು ಕಾರು ನಡುದಾರಿಯಲ್ಲಿ ನಿಲ್ಲುವುದು ಇನ್ನೊಂದು. ಸವಕಳಿಯನ್ನು ಅಳೆಯಬಹುದು, ಬೆಲೆಯಲ್ಲಿ ಕಳೆಯಬಹುದು, ಬಹುಮಟ್ಟಿಗೆ ಮುಂಚಿತವಾಗಿ ಊಹಿಸಲೂಬಹುದು. ದೋಷ ಹಾಗಲ್ಲ. ಹಳೆಯ ಎಲೆಕ್ಟ್ರಿಕ್ ಕಾರು ಕೊಂಡು ತೊಂದರೆಗೆ ಸಿಲುಕುವವರಲ್ಲಿ ಹೆಚ್ಚಿನವರನ್ನು ಕಾಡುವುದು ಎರಡನೆಯದೇ ಎಂಬುದು ಈ ಲೇಖಕನ ಅಭಿಪ್ರಾಯ.

ಸವಕಳಿಯ ಲೆಕ್ಕವನ್ನೇ ಮೊದಲು ನೋಡೋಣ. ವಾಹನಗಳ ದತ್ತಾಂಶ ಸಂಗ್ರಹಿಸುವ ಜಿಯೋಟ್ಯಾಬ್ ಸಂಸ್ಥೆ ಸಾವಿರಾರು ಎಲೆಕ್ಟ್ರಿಕ್ ವಾಹನಗಳನ್ನು ಪರಿಶೀಲಿಸಿ 2024ರಲ್ಲಿ ಕೊಟ್ಟ ಸರಾಸರಿ, ವರ್ಷಕ್ಕೆ ಶೇ 1.8ರಷ್ಟು ಸವಕಳಿ. ಕೆಲವು ವರ್ಷಗಳ ಹಿಂದೆ ಅದೇ ಸಂಸ್ಥೆಯ ಲೆಕ್ಕದಲ್ಲಿ ಇದು ಶೇ 2.3 ಇತ್ತು. ಎರಡರಲ್ಲಿ ಯಾವುದನ್ನು ಹಿಡಿದರೂ, ಐದು ವರ್ಷ ಓಡಿದ ಕಾರಿನಲ್ಲಿ ಮೂಲ ಸಾಮರ್ಥ್ಯದ ಶೇ 88ರಿಂದ 91ರವರೆಗೆ ಉಳಿದಿರಬೇಕು. ವಿಶ್ವಸಂಸ್ಥೆಯ ಆಶ್ರಯದಲ್ಲಿ 2022ರಲ್ಲಿ ರೂಪುಗೊಂಡ ಜಾಗತಿಕ ತಾಂತ್ರಿಕ ನಿಯಮವೊಂದು ಐದು ವರ್ಷ ಅಥವಾ ಒಂದು ಲಕ್ಷ ಕಿ.ಮೀ.ವರೆಗೆ ಶೇ 80, ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ.ವರೆಗೆ ಶೇ 70 ಸಾಮರ್ಥ್ಯ ಉಳಿದಿರಬೇಕೆಂದು ಕನಿಷ್ಠ ಮಟ್ಟವನ್ನು ಗೊತ್ತುಮಾಡಿದೆ. ಎದುರಿಗಿರುವ ಕಾರನ್ನು ಒರೆಗೆ ಹಚ್ಚಲು ಇವು ಒಳ್ಳೆಯ ಅಳತೆಗೋಲುಗಳು.

ಆದರೆ ಸರಾಸರಿಯ ಹಿಂದೆ ದೊಡ್ಡ ವ್ಯತ್ಯಾಸಗಳು ಅಡಗಿರುತ್ತವೆ. 2015ರ ನಿಸಾನ್ ಲೀಫ್ ವರ್ಷಕ್ಕೆ ಸರಾಸರಿ ಶೇ 4.2ರಷ್ಟು ಸವೆಯುತ್ತಿದ್ದರೆ, ಅದೇ ವರ್ಷದ ಟೆಸ್ಲಾ ಮಾಡೆಲ್ ಎಸ್ ಶೇ 2.3ರಷ್ಟು ಸವೆಯುತ್ತಿತ್ತು ಎಂದು ಜಿಯೋಟ್ಯಾಬ್‌ನ ಮೊದಲ ಅಧ್ಯಯನವೇ ಹೇಳಿತ್ತು. ಟೆಸ್ಲಾದಲ್ಲಿ ಬ್ಯಾಟರಿಯನ್ನು ತಂಪಾಗಿಡಲು ಕೂಲಂಟ್ ದ್ರವ ಹರಿಯುತ್ತದೆ. ಲೀಫ್‌ನಲ್ಲಿ ಆ ವ್ಯವಸ್ಥೆಯೇ ಇರಲಿಲ್ಲ. ಅಮೆರಿಕದ ಅರಿಜೋನಾದಂಥ ಬಿಸಿಲು ನಾಡಿನಲ್ಲಿ ಲೀಫ್ ಬ್ಯಾಟರಿಗಳು ಬೇಗನೆ ಸೊರಗಿದವು. ದೂರುಗಳು ನ್ಯಾಯಾಲಯದವರೆಗೆ ಹೋಗಿ, ಕಂಪನಿ ಸಾಮರ್ಥ್ಯಕ್ಕೂ ವಾರಂಟಿ ಕೊಡಬೇಕಾಯಿತು. ನಮ್ಮಲ್ಲಿ ಮಾರಾಟವಾದ ನೆಕ್ಸಾನ್, ಝಡ್‌ಎಸ್, ಕೋನಾಗಳಲ್ಲಿ ದ್ರವ ಶೈತ್ಯ ವ್ಯವಸ್ಥೆ ಇದೆ. ಹಾಗೆಂದು ಬಿಸಿಲು ಲೆಕ್ಕಕ್ಕಿಲ್ಲ ಎಂದಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಮರದ ನೆರಳೂ ಇಲ್ಲದೆ, ಪೂರ್ತಿ ಚಾರ್ಜ್ ಆಗಿ ದಿನಗಟ್ಟಲೆ ನಿಂತ ಕಾರಿಗೂ ಬೆಂಗಳೂರಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಲ್ಲುವ ಕಾರಿಗೂ ಬ್ಯಾಟರಿಯ ವಯಸ್ಸು ಒಂದೇ ಆಗಿರಲಾರದು. ಕಾರು ಎಲ್ಲಿ ನಿಲ್ಲುತ್ತಿತ್ತು ಎಂದು ಕೇಳುವುದು, ಎಷ್ಟು ಓಡಿದೆ ಎಂದು ಕೇಳುವಷ್ಟೇ ಮುಖ್ಯ. ಫಾಸ್ಟ್ ಚಾರ್ಜಿಂಗ್ ಮಾಡಿದರೆ ಬ್ಯಾಟರಿ ಬೇಗ ಸವೆಯುತ್ತದೆ ಎಂಬ ಭಯ ಮಾತ್ರ ಸ್ವಲ್ಪ ಅತಿಯಾದದ್ದು. ಅಮೆರಿಕದ ರಿಕರೆಂಟ್ ಸಂಸ್ಥೆ 2023ರಲ್ಲಿ ಸಾವಿರಾರು ಟೆಸ್ಲಾಗಳನ್ನು ಹೋಲಿಸಿ ನೋಡಿದಾಗ, ಬಹುತೇಕ ಫಾಸ್ಟ್ ಚಾರ್ಜಿಂಗನ್ನೇ ನಂಬಿದ್ದ ಕಾರುಗಳಿಗೂ ಅಪರೂಪಕ್ಕೆ ಬಳಸಿದ ಕಾರುಗಳಿಗೂ ಸವಕಳಿಯಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಬಿಸಿಲೂ ಫಾಸ್ಟ್ ಚಾರ್ಜಿಂಗೂ ಒಟ್ಟಿಗೆ ಸೇರಿದಾಗ ಹೆಚ್ಚಿನ ಎಚ್ಚರ ಬೇಕು.

ಇನ್ನು ಅಳೆಯುವ ವಿಧಾನ. ಡ್ಯಾಶ್‌ಬೋರ್ಡಿನಲ್ಲಿ ಕಾಣುವ 'ಉಳಿದ ರೇಂಜ್', ಅಂದರೆ ಇನ್ನೆಷ್ಟು ದೂರ ಓಡಬಹುದೆಂಬ ಅಂಕಿ, ಬ್ಯಾಟರಿಯ ಆರೋಗ್ಯವನ್ನು ಹೇಳುವುದಿಲ್ಲ. ಹಿಂದಿನ ಕೆಲವು ಓಡಾಟಗಳನ್ನು ನೋಡಿ ಕಾರು ಮಾಡಿಕೊಂಡ ಅಂದಾಜು ಅದು. ಮಾರುವವನು ಎರಡು ದಿನ ಗಂಟೆಗೆ 40 ಕಿ.ಮೀ. ವೇಗದಲ್ಲಿ ಓಡಿಸಿದರೆ ಅದು ತಾನಾಗಿಯೇ ಏರುತ್ತದೆ. ಸರ್ವೀಸ್ ಸೆಂಟರಿನ ಯಂತ್ರಕ್ಕೆ ಜೋಡಿಸಿ ಬ್ಯಾಟರಿಯ ಆರೋಗ್ಯದ ವರದಿಯನ್ನು ಮುದ್ರಿಸಿಕೊಳ್ಳುವುದು ಉತ್ತಮ ದಾರಿ. ಅದು ಸಿಗದಿದ್ದರೆ ಕಾಗದ–ಪೆನ್ನಿನ ಲೆಕ್ಕವೂ ಸಾಕಷ್ಟು ಹೇಳುತ್ತದೆ.

ಮೊದಲ ನೆಕ್ಸಾನ್ ಇವಿಯನ್ನೇ ತೆಗೆದುಕೊಳ್ಳೋಣ. ಅದರ ಬ್ಯಾಟರಿ 30.2 ಕಿಲೋವಾಟ್ ಅವರ್, ಅಂದರೆ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ 30.2 ಯೂನಿಟ್. ಕಾರು ಶೇ 90 ಚಾರ್ಜ್ ಇರುವಾಗ ಬೆಂಗಳೂರಿನಿಂದ ಹೊರಟು ರಾಮನಗರದವರೆಗೆ ಹೋಗಿ ಬಂದಿರಿ ಎಂದುಕೊಳ್ಳಿ. ಹೊರಡುವ ಮುನ್ನ ಟ್ರಿಪ್ ಮೀಟರನ್ನು ಸೊನ್ನೆ ಮಾಡಿದ್ದೀರಿ. ಮರಳಿ ಬಂದಾಗ ಶೇ 40 ಉಳಿದಿದೆ, ಟ್ರಿಪ್ ಮೀಟರ್ 104 ಕಿ.ಮೀ. ತೋರಿಸುತ್ತಿದೆ, ಸರಾಸರಿ ಬಳಕೆ ಕಿಲೋಮೀಟರಿಗೆ 130 ವಾಟ್ ಅವರ್ ಎಂದಿದೆ. 104ನ್ನು 130ರಿಂದ ಗುಣಿಸಿದರೆ ಸುಮಾರು 13.5 ಯೂನಿಟ್. ಅರ್ಧ ಬ್ಯಾಟರಿಯಲ್ಲಿ 13.5 ಯೂನಿಟ್ ಸಿಕ್ಕಿದರೆ ಇಡೀ ಬ್ಯಾಟರಿಯಲ್ಲಿ 27 ಯೂನಿಟ್; 30.2ಕ್ಕೆ ಹೋಲಿಸಿದರೆ ಶೇ 89. ಐದಾರು ವರ್ಷದ ಕಾರಿಗೆ ಇದು ಸಮಾಧಾನಕರ ಅಂಕಿ. ಇದೇ ಲೆಕ್ಕವನ್ನು ಚಾರ್ಜಿಂಗ್ ಕಡೆಯಿಂದಲೂ ಮಾಡಬಹುದು. ಶೇ 20ರಿಂದ 100ಕ್ಕೆ ಏರಿಸಲು ಹೊಸ ಬ್ಯಾಟರಿಗೆ ಸುಮಾರು 24 ಯೂನಿಟ್ ಬೇಕು, ಚಾರ್ಜಿಂಗ್‌ನಲ್ಲಿ ಸೋರಿಹೋಗುವುದನ್ನೂ ಸೇರಿಸಿದರೆ ಮನೆಯ ಮೀಟರಿನಲ್ಲಿ 27–28 ಯೂನಿಟ್ ತಿರುಗಬೇಕು. 23 ಯೂನಿಟ್ಟಿಗೇ ಕಾರು ತುಂಬಿಬಿಟ್ಟರೆ ಬ್ಯಾಟರಿಯಲ್ಲಿ ಉಳಿದಿರುವುದು ಶೇ 83–84 ಮಾತ್ರ. ಬೆಸ್ಕಾಂನಿಂದ ಕಾರಿಗೆಂದೇ ಪ್ರತ್ಯೇಕ ಮೀಟರ್ ಹಾಕಿಸಿಕೊಂಡವರಾದರೆ ಹಳೆಯ ಬಿಲ್ಲುಗಳನ್ನೂ ಕೇಳಿ ನೋಡಬಹುದು. ಕಾರು ಎಷ್ಟು ಮನೆಯಲ್ಲಿ, ಎಷ್ಟು ಹೊರಗೆ ಚಾರ್ಜ್ ಆಗಿದೆ ಎಂಬುದು ಓಡೋಮೀಟರಿನ ಜೊತೆ ತಾಳೆಯಾಗಬೇಕು.

ಎರಡೂ ಲೆಕ್ಕಗಳು ನಾಲ್ಕೈದು ಪರ್ಸೆಂಟ್ ಅತ್ತಿತ್ತ ಆಗಬಹುದಾದ ಅಂದಾಜುಗಳು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳಲ್ಲಿ, ಅಂದರೆ ಎಲ್‌ಎಫ್‌ಪಿ ಎಂದು ಕರೆಯುವ, ಟಾಟಾ ಮತ್ತು ಬಿವೈಡಿ ಕಾರುಗಳಲ್ಲಿ ಕಾಣುವ ಬಗೆಯಲ್ಲಿ, ಇನ್ನೊಂದು ತೊಡಕಿದೆ. ಈ ಸೆಲ್‌ಗಳ, ಅಂದರೆ ಬ್ಯಾಟರಿಯೊಳಗಿನ ಬಿಡಿ ಘಟಕಗಳ, ವೋಲ್ಟೇಜ್ ಚಾರ್ಜ್‌ನ ಬಹುಪಾಲು ವ್ಯಾಪ್ತಿಯಲ್ಲಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತಿರುತ್ತದೆ. ಹೀಗಾಗಿ ವೋಲ್ಟೇಜ್ ನೋಡಿ ಎಷ್ಟು ಚಾರ್ಜ್ ಉಳಿದಿದೆ ಎಂದು ತಿಳಿಯುವುದು ಕಾರಿನ ಬ್ಯಾಟರಿ ನಿರ್ವಹಣಾ ವ್ಯವಸ್ಥೆಗೆ, ಅಂದರೆ ಬಿಎಂಎಸ್‌ಗೆ, ಕಷ್ಟ. ತಿಂಗಳುಗಟ್ಟಲೆ ಶೇ 30ರಿಂದ 80ರ ನಡುವೆಯೇ ಓಡಿಸಿದ ಕಾರಿನಲ್ಲಿ ಪರದೆಯ ಮೇಲಿನ ಅಂಕಿ ವಾಸ್ತವದಿಂದ ದೂರ ಸರಿದಿರುತ್ತದೆ. ಆದ್ದರಿಂದ ಪರೀಕ್ಷೆಗೆ ಮೊದಲು ಕಾರನ್ನು ಸಾಮಾನ್ಯ ಎಸಿ ಚಾರ್ಜರಿನಲ್ಲಿ ಪೂರ್ತಿ ನೂರಕ್ಕೆ ಏರಿಸಿ, ಸೆಲ್‌ಗಳು ಸಮಮಟ್ಟಕ್ಕೆ ಬರಲು ಸ್ವಲ್ಪ ಹೊತ್ತು ಹಾಗೆಯೇ ಬಿಡುವಂತೆ ಮಾರುವವರನ್ನು ಕೇಳಿಕೊಳ್ಳಬೇಕು.

ಸವಕಳಿ ಮುಗಿದು ದೋಷ ಆರಂಭವಾಗುವ ಗಡಿ ಇರುವುದೂ ಇಲ್ಲೇ. ಪ್ಯಾಕ್‌ನಲ್ಲಿ, ಅಂದರೆ ಇಡೀ ಬ್ಯಾಟರಿ ಪೆಟ್ಟಿಗೆಯಲ್ಲಿ, ಸಾಲಾಗಿ ಜೋಡಿಸಿದ ಸುಮಾರು ನೂರು ಸೆಲ್‌ಗಳಿರುತ್ತವೆ ಎನ್ನಿ. ಅವುಗಳಲ್ಲಿ ಒಂದು ದುರ್ಬಲವಾದರೂ ಇಡೀ ಪ್ಯಾಕು ಅದರ ಮಿತಿಗೆ ಕಟ್ಟುಬೀಳುತ್ತದೆ. ಆ ಒಂದು ಸೆಲ್ ಖಾಲಿಯಾದ ಕೂಡಲೇ, ಉಳಿದವುಗಳಲ್ಲಿ ಎಷ್ಟೇ ಶಕ್ತಿಯಿದ್ದರೂ, ಬಿಎಂಎಸ್ ಕಾರಿನ ಶಕ್ತಿಯನ್ನು ಕಡಿತ ಮಾಡುತ್ತದೆ. ಹೊರಗಿನಿಂದ ಇದು ಹೇಗೆ ಕಾಣುತ್ತದೆಂದರೆ, ಶೇ 22, 21, 20 ಎಂದು ಸಾವಧಾನವಾಗಿ ಇಳಿಯುತ್ತಿದ್ದ ಅಂಕಿ ಒಮ್ಮೆಗೇ 9ಕ್ಕೋ 5ಕ್ಕೋ ಜಿಗಿಯುತ್ತದೆ, ಆಮೆಯ ಚಿತ್ರವೋ 'ಸೀಮಿತ ಕಾರ್ಯಕ್ಷಮತೆ' ಎಂಬರ್ಥದ ಸೂಚನೆಯೋ ಹೊತ್ತಿಕೊಳ್ಳುತ್ತದೆ, ಕಾರು ತೆವಳುತ್ತದೆ. ಇನ್ನು ಕೆಲವು ಸಂದರ್ಭಗಳಲ್ಲಿ ಏರುದಾರಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ಹೈವೋಲ್ಟೇಜ್ ಎಚ್ಚರಿಕೆ ಮಿಂಚಿ ಮಾಯವಾಗುತ್ತದೆ. ಹತ್ತು ನಿಮಿಷ ಬಡಾವಣೆಯೊಳಗೆ ಸುತ್ತಿಸುವ ಟೆಸ್ಟ್ ಡ್ರೈವ್‌ನಲ್ಲಿ ಇವಾವುವೂ ಕಾಣುವುದಿಲ್ಲ. ಕಾರನ್ನು ಶೇ 15ರ ಕೆಳಗೆ ಇಳಿಯುವವರೆಗೆ ಓಡಿಸಿ ನೋಡಬೇಕು, ನಂದಿಬೆಟ್ಟದಂಥ ಒಂದು ಏರನ್ನೂ ಹತ್ತಿಸಬೇಕು. ಇದಕ್ಕೆ ಒಪ್ಪದ ಮಾರಾಟಗಾರನ ಕಾರನ್ನು ಅಲ್ಲೇ ಬಿಟ್ಟುಬರುವುದು ಜಾಣತನ. ಕಾರಿನ ಕಂಪ್ಯೂಟರಿನ ಮಾಹಿತಿ ಓದಲೆಂದು ಇರುವ ಓಬಿಡಿ ಪೋರ್ಟಿಗೆ ಸಿಕ್ಕಿಸುವ ಚಿಕ್ಕ ಬ್ಲೂಟೂತ್ ಸಾಧನ ಮತ್ತು ಮೊಬೈಲ್ ಆ್ಯಪ್ ಇದ್ದರೆ, ಆ ಮಾದರಿಯ ಬೆಂಬಲವಿರುವ ಕಡೆ, ಅತಿ ಹೆಚ್ಚು ಮತ್ತು ಅತಿ ಕಡಿಮೆ ವೋಲ್ಟೇಜ್ ಇರುವ ಸೆಲ್‌ಗಳ ಅಂತರವನ್ನು ನೇರವಾಗಿಯೇ ನೋಡಬಹುದು. ಕಡಿಮೆ ಚಾರ್ಜ್‌ನಲ್ಲಿ, ಕಾರು ಎಳೆಯುತ್ತಿರುವಾಗ ಆ ಅಂತರ ಎಷ್ಟು ಹಿಗ್ಗುತ್ತದೆ ಎಂಬುದನ್ನು ಗಮನಿಸಬೇಕು; ನಿಂತ ಕಾರಿನಲ್ಲಿ ಎಲ್ಲ ಸೆಲ್‌ಗಳೂ ಸಭ್ಯವಾಗಿಯೇ ಇರುತ್ತವೆ.

ಕಾರ್ಖಾನೆಯಲ್ಲೇ ಹುಟ್ಟಿದ ದೋಷಗಳ ಕಥೆ ಬೇರೆ. ಕೋನಾ ಕಾರುಗಳಲ್ಲಿ ದಕ್ಷಿಣ ಕೊರಿಯಾ ಮೊದಲಾದ ಕಡೆ ಬೆಂಕಿ ಕಾಣಿಸಿಕೊಂಡ ಮೇಲೆ ಭಾರತದಲ್ಲಿಯೂ 2020ರ ಡಿಸೆಂಬರ್‌ನಲ್ಲಿ 456 ಕಾರುಗಳನ್ನು ತಪಾಸಣೆಗೆ ಹಿಂದಕ್ಕೆ ಕರೆಯಲಾಯಿತು. ಆರಂಭದಲ್ಲಿ ಸಾಫ್ಟ್‌ವೇರ್ ಬದಲಾವಣೆಯಷ್ಟೇ ಆಗಿದ್ದ ಪರಿಹಾರ, 2021ರ ಫೆಬ್ರುವರಿಯ ಹೊತ್ತಿಗೆ ಜಗತ್ತಿನಾದ್ಯಂತ ಸುಮಾರು 82 ಸಾವಿರ ವಾಹನಗಳ ಬ್ಯಾಟರಿ ಬದಲಿಸುವ ನಿರ್ಧಾರವಾಗಿ ಬೆಳೆಯಿತು. ಅಲ್ಲಿಗೆ, ಹಳೆಯ ಕೋನಾವೊಂದು ಮಾರಾಟಕ್ಕಿದ್ದರೆ 'ರಿಕಾಲ್ ಆಗಿದೆಯೇ' ಎಂದು ಕೇಳಿದರೆ ಸಾಲದು. ಆ ಚಾಸಿ ಸಂಖ್ಯೆಯ ಕಾರಿಗೆ ಮಾಡಿದ್ದೇನು, ಪ್ಯಾಕು ಬದಲಾಗಿದೆಯೇ ಅಥವಾ ತಪಾಸಣೆಗಷ್ಟೇ ಮುಗಿದಿದೆಯೇ ಎಂಬುದನ್ನು ಕಂಪನಿಯ ಸರ್ವೀಸ್ ದಾಖಲೆಯಲ್ಲೇ ನೋಡಬೇಕು. ಬದಲಾಗಿದ್ದರೆ, ವಿಚಿತ್ರವೆನಿಸಿದರೂ, ಆ ಕಾರು ತನ್ನ ವಯಸ್ಸಿನ ಬೇರೆ ಕಾರುಗಳಿಗಿಂತ ಒಳ್ಳೆಯ ವ್ಯಾಪಾರವಾಗಬಹುದು. ಭಾರತೀಯ ವಾಹನ ತಯಾರಕರ ಸಂಘವಾದ ಸಿಯಾಮ್‌ನ ಜಾಲತಾಣದಲ್ಲಿ ಸ್ವಯಂಪ್ರೇರಿತ ರಿಕಾಲ್‌ಗಳ ಪಟ್ಟಿಯಿದೆ. ಕಾರುಗಳ ಬ್ಯಾಟರಿ ಸುರಕ್ಷತೆಗೆ ಸಂಬಂಧಿಸಿದ ಎಐಎಸ್ 038 ಮಾನದಂಡದ ಪರಿಷ್ಕೃತ ರೂಪ 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಅಂತ್ಯದಿಂದ ಎರಡು ಹಂತಗಳಲ್ಲಿ ಜಾರಿಗೆ ಬಂದಿದ್ದು, ಒಂದೇ ಬೆಲೆಯ ಎರಡು ಕಾರುಗಳ ನಡುವೆ ಆಯ್ಕೆಯಿದ್ದರೆ ಆನಂತರ ತಯಾರಾದದ್ದನ್ನು ಆರಿಸುವುದು ಲೇಸು.

ಹೀಗಿದ್ದರೂ ಎಲೆಕ್ಟ್ರಿಕ್ ಕಾರನ್ನು ರಸ್ತೆಯಲ್ಲಿ ನಿಲ್ಲಿಸುವ ಮೊದಲ ಆರೋಪಿ ದೊಡ್ಡ ಬ್ಯಾಟರಿಯಲ್ಲ, ಬಾನೆಟ್ ಕೆಳಗಿನ 12 ವೋಲ್ಟ್‌ನ ಚಿಕ್ಕ ಬ್ಯಾಟರಿ. ಜರ್ಮನಿಯ ವಾಹನ ಮಾಲೀಕರ ಸಂಘ ಎಡಿಎಸಿ, ರಸ್ತೆಬದಿಯಲ್ಲಿ ಕೆಟ್ಟು ನಿಂತ ವಾಹನಗಳಿಗೆ ತಾನು ಕೊಟ್ಟ ನೆರವಿನ ಲೆಕ್ಕವನ್ನು ಪ್ರತಿವರ್ಷ ಪ್ರಕಟಿಸುತ್ತದೆ. 2020ರಿಂದ 2022ರ ನಡುವೆ ನೋಂದಣಿಯಾದ ಕಾರುಗಳಲ್ಲಿ ಸಾವಿರಕ್ಕೆ 4.2 ಎಲೆಕ್ಟ್ರಿಕ್ ಕಾರುಗಳೂ 10.4 ಪೆಟ್ರೋಲ್–ಡೀಸೆಲ್ ಕಾರುಗಳೂ 2024ರಲ್ಲಿ ನೆರವು ಕೇಳಿದ್ದವು. ಎರಡೂ ಗುಂಪುಗಳಲ್ಲಿ ಅತಿ ಸಾಮಾನ್ಯ ಕಾರಣ 12 ವೋಲ್ಟ್ ಬ್ಯಾಟರಿಯೇ. ಇದಕ್ಕೆ ವಿರುದ್ಧವೆಂಬಂತೆ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆಯ 2023ರ ಸಮೀಕ್ಷೆ ಎಲೆಕ್ಟ್ರಿಕ್ ಕಾರುಗಳಲ್ಲಿ ಪೆಟ್ರೋಲ್ ಕಾರುಗಳಿಗಿಂತ ಶೇ 79ರಷ್ಟು ಹೆಚ್ಚು ಸಮಸ್ಯೆಗಳಿವೆ ಎಂದಿತು, ಮರುವರ್ಷ ಆ ಅಂತರ ಶೇ 42ಕ್ಕೆ ಇಳಿಯಿತು. ಎರಡೂ ಏಕಕಾಲಕ್ಕೆ ನಿಜವಾಗಿರಬಹುದು. ಜರ್ಮನಿಯ ಲೆಕ್ಕಕ್ಕೆ ಸಿಗುವುದು ನಡುರಸ್ತೆಯಲ್ಲಿ ನಿಂತ ಕಾರು ಮಾತ್ರ. ಅಮೆರಿಕದ ಸಮೀಕ್ಷೆಯಲ್ಲಿ ಹ್ಯಾಂಗ್ ಆದ ಪರದೆಯೂ, ಸರಿಯಾಗಿ ಮುಚ್ಚದ ಚಾರ್ಜಿಂಗ್ ಮುಚ್ಚಳವೂ ಸಮಸ್ಯೆಯೇ. ಎಲೆಕ್ಟ್ರಿಕ್ ಕಾರು ಕಡಿಮೆ ನಿಲ್ಲುತ್ತದೆ, ಹೆಚ್ಚು ಕಿರಿಕಿರಿ ಮಾಡುತ್ತದೆ ಎಂದು ಎರಡನ್ನೂ ಸೇರಿಸಿ ಓದಬಹುದು.

ಚಿಕ್ಕ ಬ್ಯಾಟರಿ ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ. ಏಕೆಂದರೆ ದೊಡ್ಡ ಬ್ಯಾಟರಿಯನ್ನು ಮೋಟಾರಿಗೆ ಜೋಡಿಸುವ ಕಾಂಟ್ಯಾಕ್ಟರ್‌ಗಳನ್ನು ಎಳೆದು ಹಿಡಿಯುವುದು, ಕಂಪ್ಯೂಟರುಗಳನ್ನು ಎಬ್ಬಿಸುವುದು ಈ 12 ವೋಲ್ಟ್. ಅದು ಮೂರ್ನಾಲ್ಕು ವರ್ಷ ಹಳೆಯದಾಗಿದ್ದರೆ ಬದಲಿಸಬೇಕೆಂದು ಎಣಿಸಿಯೇ ಬೆಲೆ ಮಾತಾಡಬೇಕು, ಖರ್ಚು ದೊಡ್ಡದಲ್ಲ. ದೊಡ್ಡ ಖರ್ಚು ಇರುವುದು ಅದನ್ನು ಚಾರ್ಜ್ ಮಾಡುವ ಡಿಸಿ–ಡಿಸಿ ಕನ್ವರ್ಟರ್ ಕೆಟ್ಟಾಗ. ಹುಂಡೈ ಐಯಾನಿಕ್ 5 ಮತ್ತು ಕಿಯಾ ಇವಿ 6ರಲ್ಲಿ ಈ ಕನ್ವರ್ಟರೂ ಕಾರಿನೊಳಗಿನ ಚಾರ್ಜರೂ ಐಸಿಸಿಯು ಎಂಬ ಒಂದೇ ಪೆಟ್ಟಿಗೆಯಲ್ಲಿವೆ. ಅದರ ದೋಷದಿಂದ 12 ವೋಲ್ಟ್ ಬ್ಯಾಟರಿ ಬರಿದಾಗಿ ಕಾರು ಓಡುತ್ತಿರುವಾಗಲೇ ಶಕ್ತಿ ಕಳೆದುಕೊಳ್ಳುವ ಸಾಧ್ಯತೆಯಿದ್ದ ಕಾರಣ 2024ರಲ್ಲಿ ಭಾರತದಲ್ಲಿ 1,744 ಐಯಾನಿಕ್ 5 ಮತ್ತು 1,138 ಇವಿ 6 ಕಾರುಗಳನ್ನು ಹಿಂದಕ್ಕೆ ಕರೆಯಲಾಯಿತು. ಪರೀಕ್ಷೆ ಸುಲಭ: ಕಾರು ಆನ್ ಆದಾಗ 12 ವೋಲ್ಟ್ ಬ್ಯಾಟರಿಯ ತುದಿಗಳಿಗೆ ಮಲ್ಟಿಮೀಟರ್ ಹಿಡಿದರೆ 13.5ರಿಂದ 14.5 ವೋಲ್ಟ್ ಆಸುಪಾಸು ತೋರಿಸಬೇಕು. 12.3ರಲ್ಲೇ ನಿಂತಿದ್ದರೆ ಚಾರ್ಜ್ ಆಗುತ್ತಿದೆಯೇ ಎಂದು ವಿಚಾರಿಸಬೇಕು.

ಚಾರ್ಜಿಂಗ್ ಪರೀಕ್ಷೆಗೆ ಯಾರೂ ತಾಳ್ಮೆ ತೋರುವುದಿಲ್ಲ. ಆದರೆ ದಿನನಿತ್ಯದ ಸಂಕಟ ಬರುವುದು ಅಲ್ಲಿಂದಲೇ. ಮನೆಯ ಎಸಿ ಚಾರ್ಜಿಂಗ್ ಮತ್ತು ಹೆದ್ದಾರಿಯ ಡಿಸಿ ಫಾಸ್ಟ್ ಚಾರ್ಜಿಂಗ್ ಕಾರಿನೊಳಗೆ ಬೇರೆಬೇರೆ ದಾರಿಯಲ್ಲಿ ಸಾಗುತ್ತವೆ. ಎಸಿ ವಿದ್ಯುತ್ತು ಕಾರಿನೊಳಗಿನ ಆನ್‌ಬೋರ್ಡ್ ಚಾರ್ಜರಿನಲ್ಲಿ ಡಿಸಿಯಾಗಿ ಬದಲಾಗಬೇಕು, ಡಿಸಿ ನೇರವಾಗಿ ಬ್ಯಾಟರಿಗೆ ಹೋಗುತ್ತದೆ. ಒಂದು ಸರಿಯಿದ್ದರೆ ಇನ್ನೊಂದು ಸರಿಯಿದೆ ಎಂದರ್ಥವಲ್ಲ. ಆದ್ದರಿಂದ ಎರಡನ್ನೂ ಪ್ರತ್ಯೇಕವಾಗಿ, ಕನಿಷ್ಠ ಅರ್ಧ ಗಂಟೆ ನೋಡಬೇಕು. ಫಾಸ್ಟ್ ಚಾರ್ಜರಿನ ಪರದೆಯಲ್ಲಿ ಕಿಲೋವಾಟ್ ಎಷ್ಟೆಂದು ಬರುತ್ತದೆ. ಮೊದಲ ನೆಕ್ಸಾನ್ ಇವಿ 25ರ ಹತ್ತಿರ ಎಳೆಯಬೇಕಾದದ್ದು 12–13ಕ್ಕೆ ಇಳಿದರೆ ಬ್ಯಾಟರಿ ಬಿಸಿಯಾಗಿದೆಯೋ, ಹವಾನಿಯಂತ್ರಣದ ಎಸಿಯ ಕಂಪ್ರೆಸರ್ ದುರ್ಬಲವಾಗಿದೆಯೋ, ಸೆಲ್‌ಗಳಲ್ಲಿ ಅಸಮತೋಲನವಿದೆಯೋ ತಿಳಿಯಬೇಕು. ಅನೇಕ ಕಾರುಗಳಲ್ಲಿ ಒಳಗೆ ಕೂತವರನ್ನು ತಂಪಾಗಿಡುವ ಎಸಿಯೇ ಬ್ಯಾಟರಿಯನ್ನೂ ತಂಪಾಗಿಡುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. 'ಎಸಿ ಸ್ವಲ್ಪ ಕಡಿಮೆ, ಗ್ಯಾಸ್ ತುಂಬಿಸಿದರಾಯಿತು' ಎಂಬ ಮಾತನ್ನು ಪೆಟ್ರೋಲ್ ಕಾರಿನಲ್ಲಿ ಒಪ್ಪಬಹುದು, ಇಲ್ಲಿ ಒಪ್ಪಬಾರದು.

ಚಾರ್ಜಿಂಗ್ ಪೋರ್ಟಿನೊಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಪಿನ್ನುಗಳ ಬಣ್ಣ ಬಹಳಷ್ಟು ಹೇಳುತ್ತದೆ. ಬೆಳ್ಳಿಯಂತೆ ಹೊಳೆಯಬೇಕಾದ ಪಿನ್ನು ಕಂದು ಬಣ್ಣಕ್ಕೆ ತಿರುಗಿದ್ದರೆ, ಸುತ್ತಲಿನ ಪ್ಲಾಸ್ಟಿಕ್ ಉಬ್ಬಿಯೋ ಕರಗಿಯೋ ಇದ್ದರೆ ಅಲ್ಲಿ ಸಡಿಲ ಸಂಪರ್ಕದಿಂದ ಬಿಸಿ ಹುಟ್ಟಿದೆ ಎಂದೇ ತಿಳಿಯಬೇಕು. ಕಾರಿನ ಜೊತೆಗೆ ಬರುವ 15 ಆಂಪಿಯರ್ ಪೋರ್ಟಬಲ್ ಚಾರ್ಜರಿನ ಪ್ಲಗ್ಗನ್ನೂ ಹೀಗೆಯೇ ತಿರುಗಿಸಿ ನೋಡಬೇಕು. ಎಂಟು ಹತ್ತು ಗಂಟೆ ಎಡೆಬಿಡದೆ ಕರೆಂಟ್ ಎಳೆಯುವ ಕೆಲಸಕ್ಕೆ ನಮ್ಮ ಮನೆಗಳ ಗೀಸರ್ ಸಾಕೆಟ್ಟುಗಳು ತಯಾರಾದವಲ್ಲ, ಹಾಗಾಗಿ ಸುಟ್ಟ ಪ್ಲಗ್ ಅಪರೂಪದ ದೃಶ್ಯವೇನಲ್ಲ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಚಾರ್ಜರ್ ಕೆಂಪು ದೀಪ ತೋರಿಸಿದರೆ ಅದು ಕಾರಿನ ತಪ್ಪಲ್ಲ. ಬೇರೆಡೆ ಚಾರ್ಜ್ ಮಾಡಿ ನೋಡಿದ ಮೇಲೆಯೇ ತೀರ್ಮಾನಕ್ಕೆ ಬರಬೇಕು.

ಕನೆಕ್ಟರಿನ ಬಗೆಯನ್ನೂ ಮರೆಯಬಾರದು. ಇಂದು ದೇಶದ ಬಹುತೇಕ ಫಾಸ್ಟ್ ಚಾರ್ಜರುಗಳು ಸಿಸಿಎಸ್ 2 ಬಗೆಯವು. 2021ರ ಆಗಸ್ಟ್‌ಗೆ ಮೊದಲು ಮಾರಾಟವಾದ ಹಳೆಯ ಟಿಗೋರ್ ಇವಿ, ಮಹೀಂದ್ರ ಇ–ವೆರಿಟೋದಂಥ ಕಾರುಗಳಲ್ಲಿ ಇರುವುದು ಭಾರತ್ ಡಿಸಿ 001 ಎಂಬ ಹಳೆಯ ವ್ಯವಸ್ಥೆ; ಅದರ ಗರಿಷ್ಠ ಶಕ್ತಿ 15 ಕಿಲೋವಾಟ್. ಬೆಲೆ ಎಷ್ಟೇ ಆಕರ್ಷಕವಾಗಿದ್ದರೂ ಇಂಥ ಕಾರನ್ನು ಮನೆ–ಕಚೇರಿ ಓಡಾಟಕ್ಕೆ ಮಾತ್ರವೆಂದು ತಿಳಿದೇ ಕೊಳ್ಳಬೇಕು.

ಕಾರನ್ನು ಲಿಫ್ಟಿಗೆ ಏರಿಸಿ ಹೊಟ್ಟೆ ನೋಡುವುದು ಪೆಟ್ರೋಲ್ ಕಾರಿನಲ್ಲಿ ಒಳ್ಳೆಯ ಅಭ್ಯಾಸ, ಎಲೆಕ್ಟ್ರಿಕ್ ಕಾರಿನಲ್ಲಿ ಕಡ್ಡಾಯ. ಬ್ಯಾಟರಿ ಇರುವುದು ನೆಲದಡಿಯಲ್ಲಿ, ನಮ್ಮ ರಸ್ತೆಯ ಹಂಪುಗಳ ಎತ್ತರ ಯಾವ ನಿಯಮಕ್ಕೂ ಕಟ್ಟುಬಿದ್ದಂತಿಲ್ಲ. ಪ್ಯಾಕಿನ ಅಡಿಯ ತಗಡಿನಲ್ಲಿ ಉದ್ದುದ್ದ ಗೀರು ಇರುವುದು ಸಾಮಾನ್ಯ, ಒಳಕ್ಕೆ ತಗ್ಗಿದ ಗುಳಿ ಸಾಮಾನ್ಯವಲ್ಲ. ಅಂಚಿನ ಸೀಲ್ ಬಿಟ್ಟಿದ್ದರೆ, ಬೋಲ್ಟುಗಳ ಮೇಲೆ ಸ್ಪ್ಯಾನರ್ ಹಾಕಿದ ಹೊಸ ಗುರುತುಗಳಿದ್ದರೆ ಪ್ಯಾಕು ಕೆಳಗಿಳಿದಿತ್ತು ಎಂದರ್ಥ. ಯಾಕೆಂದು ಕೇಳಬೇಕು, ಸರ್ವೀಸ್ ಸೆಂಟರಿನ ಜಾಬ್ ಕಾರ್ಡ್ ನೋಡಬೇಕು. ವಾರಂಟಿಯಲ್ಲಿ ಬದಲಾಗಿದ್ದರೆ ಹೊಸ ಪ್ಯಾಕೋ, ದುರಸ್ತಿ ಮಾಡಿದ ಪ್ಯಾಕೋ ಎಂಬುದೂ ಅದರಲ್ಲಿರುತ್ತದೆ. ಹಳೆಯ ಸೆಲ್‌ಗಳ ನಡುವೆ ಕೆಲವೇ ಹೊಸ ಸೆಲ್‌ ಸೇರಿಸಿದ ಖಾಸಗಿ ದುರಸ್ತಿಯಾದರೆ ಅಸಮತೋಲನ ಮರಳಿ ಬರುವ ಸಾಧ್ಯತೆ ಹೆಚ್ಚು.

ನೀರಿನ ವಿಷಯದಲ್ಲಿ ಮಾರಾಟಗಾರರು ಐಪಿ 67 ಎಂಬ ಮಂತ್ರ ಪಠಿಸುತ್ತಾರೆ. ಅದರ ಅರ್ಥ, ಪ್ಯಾಕನ್ನು ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಇಟ್ಟರೆ ಒಳಗೆ ನೀರು ಹೋಗಬಾರದು ಎಂದಷ್ಟೇ, ಅದೂ ಸೀಲುಗಳು ಹೊಸದಾಗಿದ್ದಾಗ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು, ಹೊರವರ್ತುಲ ರಸ್ತೆಯ ಆಸುಪಾಸಿನ ನೆಲಮಾಳಿಗೆಗಳಲ್ಲಿ ಕಾರುಗಳು ಅರ್ಧ ಗಂಟೆಯಲ್ಲ, ದಿನಗಟ್ಟಲೆ ಮುಳುಗಿದ್ದವು. ನೀರು ಕುಡಿದ ಕಾರಿನಲ್ಲಿ ತಕ್ಷಣ ಏನೂ ಆಗದೆ, ತಿಂಗಳುಗಳ ನಂತರ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಹಿಡಿದು ಇನ್ಸುಲೇಷನ್ ದೋಷ ತಲೆದೋರಬಹುದು. ಮಳೆಗಾಲದಲ್ಲಿ ಮಾತ್ರ ಬರುವ, ಬಿಸಿಲಿಗೆ ಮಾಯವಾಗುವ ಎಚ್ಚರಿಕೆ ದೀಪ ಇದರ ಲಕ್ಷಣ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೆಸರಿನ ಗೆರೆ ಇದೆಯೇ ನೋಡುವುದು, ಸೀಟಿನಡಿಯ ಕಂಬಿಗಳ ತುಕ್ಕು ನೋಡುವುದು, ವಿಮಾ ಕಂಪನಿಯಿಂದ ಹಳೆಯ ಕ್ಲೇಮುಗಳ ವಿವರ ಪಡೆಯುವುದು ಹಳೆಯ ಉಪಾಯಗಳೇ, ಆದರೆ ಇಲ್ಲಿ ಅವುಗಳ ಬೆಲೆ ಹತ್ತು ಪಟ್ಟು. ಮಂಗಳೂರು, ಉಡುಪಿ, ಕಾರವಾರದ ಕಾರುಗಳಲ್ಲಿ ಉಪ್ಪುಗಾಳಿಯ ತುಕ್ಕನ್ನೂ ಕೂಲಂಟ್ ಪೈಪುಗಳ ಕ್ಲಿಪ್ಪುಗಳನ್ನೂ ವಿಶೇಷವಾಗಿ ನೋಡಬೇಕು.

ಉಳಿದ ಯಾಂತ್ರಿಕ ಭಾಗಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಭಾರ ಹೆಚ್ಚು, ಎಳೆತ ಹೆಚ್ಚು ಆದ್ದರಿಂದ ಟೈರು ಮತ್ತು ಸಸ್ಪೆನ್ಷನ್ ಬುಷ್‌ಗಳು ಬೇಗ ಸವೆಯುತ್ತವೆ. ಬ್ರೇಕ್ ಪ್ಯಾಡ್ ಸವೆಯದೆ, ಬಳಕೆಯೇ ಇಲ್ಲದೆ ಡಿಸ್ಕುಗಳು ತುಕ್ಕು ಹಿಡಿದಿರುತ್ತವೆ. ಗಾಜು ಇಳಿಸಿ, ಹಾಡು ನಿಲ್ಲಿಸಿ, ನಿಧಾನಕ್ಕೆ ಓಡಿಸಿದಾಗ ಮೋಟಾರಿನಿಂದ ವೇಗದೊಂದಿಗೆ ಏರುವ ಊಳಿಡುವ ಸದ್ದು ಬಂದರೆ ಬೇರಿಂಗ್ ಅಥವಾ ಗೇರ್ ಪೆಟ್ಟಿಗೆಯ ದೋಷವಿರಬಹುದು.

ವಾರಂಟಿಯ ಕಾಗದಕ್ಕೆ ಮಾತ್ರ ಬಿಡುವಿನಿಂದ ಕೂರಬೇಕು. ನೆಕ್ಸಾನ್ ಬ್ಯಾಟರಿಗೆ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ., ಝಡ್‌ಎಸ್‌ಗೆ ಎಂಟು ವರ್ಷ ಅಥವಾ 1.5 ಲಕ್ಷ ಕಿ.ಮೀ. ಎಂದಿತ್ತು. ಎಣಿಕೆ ಶುರುವಾಗುವುದು ಮೊದಲ ಮಾರಾಟದ ದಿನದಿಂದ. 2020ರ ಮಾರ್ಚ್‌ನಲ್ಲಿ ಷೋರೂಂ ಬಿಟ್ಟ ಕಾರಿನ ವಾರಂಟಿ, ನೀವು ಯಾವಾಗ ಕೊಂಡರೂ, 2028ರ ಮಾರ್ಚ್‌ಗೆ ಮುಗಿಯುತ್ತದೆ. ಇತ್ತೀಚಿನ ಕೆಲವು ಮಾದರಿಗಳಿಗೆ ಜಾಹೀರಾತಿನಲ್ಲಿ ಕಾಣುವ 'ಜೀವಿತಾವಧಿ ವಾರಂಟಿ' ಮೊದಲ ಒಡೆಯನಿಗಷ್ಟೇ ಸೀಮಿತ, ಕೈ ಬದಲಾದ ಕೂಡಲೇ ಅದು ವರ್ಷ–ಕಿಲೋಮೀಟರಿನ ಲೆಕ್ಕಕ್ಕೆ ಇಳಿಯುತ್ತದೆ ಅಥವಾ ಷರತ್ತು ಬದಲಾಗುತ್ತದೆ. ಸಾಮರ್ಥ್ಯ ಎಷ್ಟಕ್ಕೆ ಇಳಿದರೆ ಬದಲಿಸಿಕೊಡುತ್ತಾರೆ ಎಂಬುದು ಪುಸ್ತಿಕೆಯಲ್ಲಿ ಸ್ಪಷ್ಟವಾಗಿ ಇದೆಯೇ, ಸರ್ವೀಸ್ ತಪ್ಪಿದ್ದರೆ ವಾರಂಟಿ ಉಳಿಯುತ್ತದೆಯೇ ಎಂಬುದನ್ನೂ ಓದಬೇಕು. 2024ರ ಸೆಪ್ಟೆಂಬರ್‌ನಲ್ಲಿ ಬಂದ ಎಂಜಿ ವಿಂಡ್ಸರ್‌ನಂತೆ, ಬ್ಯಾಟರಿಗೆ ಕಿಲೋಮೀಟರಿಗೆ ಇಷ್ಟು ಎಂದು ಹಣ ಕಟ್ಟುವ ಯೋಜನೆಯಲ್ಲಿ ಕೊಂಡ ಕಾರಾದರೆ ಬಾಕಿ ಯಾರ ಹೆಸರಿನಲ್ಲಿದೆ, ಹಣಕಾಸು ಸಂಸ್ಥೆಯ ಎನ್‌ಒಸಿ ಇದೆಯೇ ಎಂಬುದು ಇತ್ಯರ್ಥವಾಗದೆ ಮುಂಗಡ ಕೊಡಬಾರದು.

ಟ್ಯಾಕ್ಸಿಯಾಗಿ ಓಡಿದ ಕಾರುಗಳ ವಾರಂಟಿ ಷರತ್ತುಗಳು ಖಾಸಗಿ ಕಾರಿನವಕ್ಕಿಂತ ಬೇರೆಯಾಗಿರಬಹುದು. ಹಸಿರು ಫಲಕದ ಮೇಲೆ ಬಿಳಿ ಅಕ್ಷರವಿದ್ದರೆ ಖಾಸಗಿ, ಹಳದಿ ಅಕ್ಷರವಿದ್ದರೆ ಬಾಡಿಗೆ ವಾಹನ. ಎಲೆಕ್ಟ್ರಿಕ್ ಟ್ಯಾಕ್ಸಿ ಕಂಪನಿ ಬ್ಲೂಸ್ಮಾರ್ಟ್ 2025ರ ಏಪ್ರಿಲ್‌ನಲ್ಲಿ ದೆಹಲಿ ಮತ್ತು ಬೆಂಗಳೂರಿನಲ್ಲಿ ಸೇವೆ ನಿಲ್ಲಿಸಿದ ಮೇಲೆ ಸಾವಿರಾರು ಎಲೆಕ್ಟ್ರಿಕ್ ಟ್ಯಾಕ್ಸಿಗಳು ಹೊಸ ಒಡೆಯರಿಗಾಗಿ ಕಾಯುವಂತಾಯಿತು. ಖಾಸಗಿ ನೋಂದಣಿಗೆ ಬದಲಾದ ಮೇಲೆ ಫಲಕದ ಬಣ್ಣ ಸುಳಿವು ಕೊಡುವುದಿಲ್ಲ, ಆರ್‌ಸಿಯ ಇತಿಹಾಸವನ್ನೇ ನೋಡಬೇಕು. ಟ್ಯಾಕ್ಸಿಯಾಗಿದ್ದ ಕಾರೆಂದರೆ ಮುಟ್ಟಬಾರದು ಎಂಬುದು ನನ್ನ ನಿಲುವಲ್ಲ. ದಿನಾ ಓಡಿ, ಹೊತ್ತಿಗೆ ಸರಿಯಾಗಿ ಸರ್ವೀಸ್ ಆದ ಬ್ಯಾಟರಿ, ವರ್ಷಗಟ್ಟಲೆ ನೂರು ಪರ್ಸೆಂಟ್ ತುಂಬಿ ಬಿಸಿಲಲ್ಲಿ ನಿಂತ ಬ್ಯಾಟರಿಗಿಂತ ಚೆನ್ನಾಗಿರಬಹುದು. ಆದರೆ ತಿಂಗಳುಗಟ್ಟಲೆ ಯಾರ್ಡಿನಲ್ಲಿ ಚಾರ್ಜ್ ಇಲ್ಲದೆ ಬಿದ್ದಿದ್ದರೆ ಸೆಲ್‌ಗಳು ತೀರ ಬರಿದಾಗಿ ಹಾಳಾಗಿರಬಹುದು, ಆ ಅಪಾಯ ಓಡಿದ ಕಿಲೋಮೀಟರಿಗಿಂತ ದೊಡ್ಡದು.

ತಯಾರಿಕೆ ನಿಂತ ಮಾದರಿಗಳ ಬಗ್ಗೆ ಬೆಂಗಳೂರಿಗೆ ಬೇರೆಯವರಿಗಿಂತ ಹೆಚ್ಚು ಅನುಭವವಿದೆ. ಇಲ್ಲಿಯೇ ಹುಟ್ಟಿದ ರೇವಾ 2001ರಲ್ಲಿ ಲೆಡ್ ಆಸಿಡ್ ಬ್ಯಾಟರಿಗಳೊಂದಿಗೆ ರಸ್ತೆಗಿಳಿಯಿತು. 2010ರಲ್ಲಿ ಕಂಪನಿ ಮಹೀಂದ್ರದ ಕೈಸೇರಿದ ಮೇಲೆ 2013ರಲ್ಲಿ ಲಿಥಿಯಂ ಬ್ಯಾಟರಿಯ ಇ2ಒ ಬಂತು, ಅದೂ ನಿಂತುಹೋಯಿತು. ರೇವಾದ ಬ್ಯಾಟರಿಗಳನ್ನು ಬೀದಿಬದಿಯ ಬ್ಯಾಟರಿ ಅಂಗಡಿಯವನೂ ಬದಲಿಸಿಕೊಡಬಲ್ಲ. ಇ2ಒ ಪ್ಯಾಕಿಗೆ ಕಂಪನಿಯ ಸೆಲ್ಲು, ಕಂಪನಿಯ ಸಾಫ್ಟ್‌ವೇರು ಬೇಕು. ಕೋನಾ ಕೂಡ ಈಗ ನಮ್ಮಲ್ಲಿ ಮಾರಾಟದಲ್ಲಿಲ್ಲ. ಇಂಥ ಕಾರು ಕೊಳ್ಳುವವರು ಬಿಡಿಭಾಗದ ಪ್ರಶ್ನೆಯನ್ನು ಬ್ರೋಕರನಿಗಲ್ಲ, ನೇರವಾಗಿ ಅಧಿಕೃತ ಸರ್ವೀಸ್ ಸೆಂಟರಿನ ಸ್ಪೇರ್ ಪಾರ್ಟ್ಸ್ ವಿಭಾಗಕ್ಕೆ ಕೇಳಬೇಕು. ಹೈವೋಲ್ಟೇಜ್ ಕೆಲಸಕ್ಕೆ ತರಬೇತಾದ ಮೆಕ್ಯಾನಿಕ್ ನಿಮ್ಮೂರಿನಿಂದ ಎಷ್ಟು ದೂರದಲ್ಲಿದ್ದಾನೆ ಎಂಬುದೂ ಅಲ್ಲೇ ತಿಳಿಯುತ್ತದೆ. ಶಿರಸಿಯಲ್ಲಿರುವವರಿಗೆ ಹುಬ್ಬಳ್ಳಿಯವರೆಗೆ ಟೋಯಿಂಗ್ ಮಾಡಿಸುವ ಖರ್ಚು ಕಾರಿನ ನಿಜವಾದ ಬೆಲೆಯ ಭಾಗವೇ.

ವ್ಯಾಪಾರ ಕುದುರಿದ ದಿನ ಹಣದ ಜೊತೆಗೆ ಇನ್ನೊಂದು ಕೆಲಸ ಮುಗಿಸಬೇಕು. ಈ ಕಾರುಗಳಲ್ಲಿ ಬಹುಪಾಲು ಮೊಬೈಲ್ ಆ್ಯಪ್‌ಗೆ ಕಟ್ಟುಬಿದ್ದಿವೆ; ಹಳೆಯ ಒಡೆಯರ ಖಾತೆಯಿಂದ ಕಾರನ್ನು ಬಿಡಿಸದಿದ್ದರೆ ಅದು ಎಲ್ಲಿ ನಿಂತಿದೆ ಎಂದು ಅವರಿಗೆ ಕಾಣುತ್ತಿರುತ್ತದೆ, ಕೆಲವು ಮಾದರಿಗಳಲ್ಲಿ ಬಾಗಿಲನ್ನೂ ತೆರೆಯಬಹುದು. ಖಾತೆ ಬದಲಾವಣೆ, ಎರಡು ಕೀಗಳು, ಪೋರ್ಟಬಲ್ ಚಾರ್ಜರ್, ಬ್ಯಾಟರಿ ಆರೋಗ್ಯದ ಮುದ್ರಿತ ವರದಿ ಮತ್ತು ಆ ವರದಿಯಲ್ಲಿ ಅದೇ ದಿನದ ಓಡೋಮೀಟರ್ ಅಂಕಿ, ಇವಿಷ್ಟನ್ನು ಮಾರಾಟ ಪತ್ರದಲ್ಲೇ ಬರೆಸಿಕೊಂಡರೆ ಮುಂದೆ ವಾರಂಟಿಗಾಗಿ ಸರ್ವೀಸ್ ಸೆಂಟರಿನ ಎದುರು ನಿಂತಾಗ ಕೈಯಲ್ಲೊಂದು ಆಧಾರವಿರುತ್ತದೆ.